ಕೊಯ್ಲು ಮಾಡಿದ ಮರುವಾಯಿಗಳನ್ನು ಸಾಗಿಸುವ ಮೊದಲು ಮತ್ತೆ ನೀರಿಗೆ ಹಾಕಬೇಕೇ?

ಬೆಳೆಸಿದ ಮರುವಾಯಿಗಳು (ಕೆಲವರು ಕಪ್ಪೆಚಿಪ್ಪು ಎನ್ನುತ್ತಾರೆ) ನೀರಿನಿಂದ ತೆಗೆದ ಮೇಲೆ ಎಷ್ಟು ಗಂಟೆ ತಡೆದಾವು, ನಡುವೆ ಒಮ್ಮೆ ಕಡಲನೀರಿನಲ್ಲಿ ಮುಳುಗಿಸಿಟ್ಟರೆ ಸುಧಾರಿಸಿಕೊಂಡಾವೇ ಎಂದು ಕೇಳಿದ್ದೀರಿ. ನನ್ನ ಮೊದಲ ದೊಡ್ಡ ಕೊಯ್ಲಿನ ಮುಕ್ಕಾಲು ಪಾಲು ನಾಶವಾದದ್ದು ನಿಮ್ಮ ಈ ಎರಡನೆಯ ಯೋಚನೆಯಿಂದಲೇ.

ಅಂದು ಇಳಿತ ಬಂದಾಗ ಬಿಸಿಲೇರಿತ್ತು. ಆರಿಸಿ ಚೀಲಕ್ಕೆ ತುಂಬುವಷ್ಟರಲ್ಲಿ ಮೂರು ಗಂಟೆ ಕಳೆದು, ಚಿಪ್ಪುಗಳು ಮುಟ್ಟಿದರೆ ಬೆಚ್ಚಗಿದ್ದವು. ವಾಹನ ಮರುದಿನ ಬೆಳಿಗ್ಗೆಯೇ ಬರುವುದೆಂದು ತಿಳಿದಾಗ, ನೀರಿನ ಜೀವಕ್ಕೆ ನೀರೇ ಮದ್ದು ಎಂದುಕೊಂಡು ತೊಟ್ಟಿಯೊಂದಕ್ಕೆ ಕಡಲನೀರು ತುಂಬಿಸಿ ಚೀಲಗಳನ್ನು ಇಳಿಸಿದೆ. ಎರಡು ಚೀಲಗಳಿಗೆ ಜಾಗ ಸಾಲದ ಕಾರಣ ಅವುಗಳನ್ನು ನೆರಳಿನಲ್ಲಿಟ್ಟು ಒದ್ದೆ ಗೋಣಿ ಹೊದಿಸಿದೆ. ಸಂಜೆ ತೊಟ್ಟಿಯಲ್ಲಿದ್ದವು ಬಾಯಿ ತೆರೆದು, ನೀರೆಳೆಯುವ ಕೊಳವೆಯಂಥ ಅಂಗವನ್ನು ಚಾಚಿದ್ದನ್ನು ಕಂಡು ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ನೀರು ಕದಡಿ ಬೆಳ್ಳಗಾಗಿತ್ತು, ಅಂಚಿನಲ್ಲಿ ನೊರೆ ಕಟ್ಟಿತ್ತು. ಬಾಯಿ ತೆರೆದಿದ್ದ ಒಂದನ್ನು ಎತ್ತಿ ತಟ್ಟಿದರೆ ಅದು ಮುಚ್ಚಿಕೊಳ್ಳಲಿಲ್ಲ. ನಾಲಿಗೆಯಂಥ ಅದರ ಪಾದ ಜೋತುಬಿದ್ದು ನನ್ನ ಬೆರಳಿಗೆ ಅಂಟಿತು. ನೆರಳಿನಲ್ಲಿದ್ದ ಎರಡು ಚೀಲಗಳಲ್ಲಿ ಸತ್ತಿದ್ದವು ಬೆರಳೆಣಿಕೆಯಷ್ಟು ಮಾತ್ರ.

ಈ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನೋಡುವುದಕ್ಕೆ ಉಪಕಾರದಂತೆ ಕಾಣುತ್ತದೆ. ನೀರಿನಿಂದ ಹೊರಬಂದ ಮರುವಾಯಿ ಚಿಪ್ಪುಗಳನ್ನು ಬಿಗಿದು, ಒಳಗಿರುವ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಸ್ನಾಯು ಬೀಗ ಹಾಕಿದಂತೆ, ಅತ್ಯಲ್ಪ ಶಕ್ತಿಯಲ್ಲಿಯೇ ಗಂಟೆಗಟ್ಟಲೆ ಬಿಗಿದುಕೊಂಡಿರಬಲ್ಲದು. ಆಮ್ಲಜನಕ ಮುಗಿದಂತೆ ಅದು ದೇಹದ ಕೆಲಸಗಳನ್ನೆಲ್ಲ ತಗ್ಗಿಸಿ, ಗ್ಲೈಕೋಜನ್ ರೂಪದಲ್ಲಿ ಮೈಯಲ್ಲಿ ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು ಜೀವ ಹಿಡಿಯುತ್ತದೆ. ಇದರಿಂದ ಸಕ್ಸಿನೇಟಿನಂಥ ವಸ್ತುಗಳು ಸೇರಿ ಮೈಯೊಳಗೆ ಆಮ್ಲೀಯತೆ ಏರಿದಾಗ, ತನ್ನ ಚಿಪ್ಪಿನ ಒಳಮೈಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನೇ ಸ್ವಲ್ಪ ಸ್ವಲ್ಪ ಕರಗಿಸಿ ಅದನ್ನು ತಣಿಸುತ್ತದೆ. ತನ್ನ ಗೋಡೆಯನ್ನೇ ಕರಗಿಸಿಕೊಂಡು ಬದುಕುವ ಈ ಜೀವದ ಮೇಲೆ ನನಗಿರುವ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಹೀಗೆ ಕಳೆದ ಪ್ರತಿ ಗಂಟೆಯೂ ಒಂದು ಸಾಲ. ನೀರಿಗೆ ಇಳಿಸಿದೊಡನೆ ಎಲ್ಲವೂ ಒಟ್ಟಿಗೆ ಬಾಯಿ ತೆರೆದು, ಆ ಸಾಲ ತೀರಿಸಲು ಎಂದಿಗಿಂತ ಹೆಚ್ಚು ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ ಮತ್ತು ಮೈಯೊಳಗೆ ಕೂಡಿದ್ದ ಅಮೋನಿಯಾವನ್ನು ಹೊರಚೆಲ್ಲುತ್ತವೆ. ಆಮ್ಲಜನಕ ಹಠಾತ್ತನೆ ಮರಳುವುದೇ ಜೀವಕೋಶಗಳಿಗೆ ಇನ್ನೊಂದು ಪೆಟ್ಟು. ಅದರಿಂದ ಹುಟ್ಟುವ ಹಾನಿಕರ ಅಣುಗಳನ್ನು ಕ್ಯಾಟಲೇಸಿನಂಥ ಕಿಣ್ವಗಳು ಅಡಗಿಸಬೇಕಾಗುತ್ತದೆ. ಹರಿಯುವ ಕಡಲಿನಲ್ಲಿ ಇದೆಲ್ಲ ನಿಭಾಯಿಸಬಹುದಾದದ್ದು. ಆದರೆ 30 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ಕಡಲನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 6 ಮಿಲಿಗ್ರಾಂ ಮಾತ್ರ, ಮತ್ತು ನನ್ನ ತೊಟ್ಟಿಯಲ್ಲಿ ನೀರಿಗಿಂತ ಚಿಪ್ಪೇ ಹೆಚ್ಚಿತ್ತು. ಅದು ಬೇಗನೆ ತೀರಿಹೋಯಿತು. ಮೊದಲು ಸತ್ತವು ಕೊಳೆಯತೊಡಗಿ, ಆ ಕೊಳೆತದಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಉಳಿದಷ್ಟನ್ನೂ ಹೀರಿದವು. ಸಂಜೆ ನಾನು ಕಂಡ ತೆರೆದ ಬಾಯಿಗಳು ಚೇತರಿಕೆಯ ಗುರುತು ಎಂದುಕೊಂಡಿದ್ದೆ, ಅವು ಉಸಿರಿಗಾಗಿ ಒದ್ದಾಡುತ್ತಿದ್ದವು.

ಆದ್ದರಿಂದ ಎಷ್ಟು ಗಂಟೆ ಎಂಬ ನಿಮ್ಮ ಮೊದಲ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಸಿ ಏರಿದಷ್ಟೂ ಗ್ಲೈಕೋಜನ್ ಬೇಗ ಕರಗುತ್ತದೆ. ಬಿಸಿಲಿನ ಮೂರು ಗಂಟೆ ತಂಪಿನ ಒಂದು ದಿನಕ್ಕಿಂತ ದುಬಾರಿಯಾಗಬಹುದು. ಚಿಪ್ಪು ಪೂರ್ತಿ ಮುಚ್ಚಲಾರದ ಮೆದುಚಿಪ್ಪಿನ ಜಾತಿಗೂ ಗಟ್ಟಿಯಾಗಿ ಬಿಗಿದುಕೊಳ್ಳುವ ದಪ್ಪಚಿಪ್ಪಿನ ಜಾತಿಗೂ ಒಂದೇ ಲೆಕ್ಕ ಹೊಂದುವುದೂ ಇಲ್ಲ. ಮೊಟ್ಟೆಯಿಟ್ಟು ಸೊರಗಿದ ಸಮಯದಲ್ಲಂತೂ ಅವುಗಳ ಕೂಡಿಟ್ಟ ಶಕ್ತಿ ಕಡಿಮೆಯಿರುವುದರಿಂದ, ಆಗ ಕೊಯ್ಲು ಮಾಡುವುದನ್ನೇ ಮುಂದೂಡಿ.

ನೀವು ತೆಗೆದ ಕ್ಷಣದಿಂದಲೇ ನೆರಳು ಮಾಡಿ, ಚೀಲವನ್ನು ಅಲುಗಾಡದಂತೆ ಬಿಗಿಯಾಗಿ ಕಟ್ಟಿ, ಒದ್ದೆ ಗೋಣಿ ಹೊದಿಸಿ. ಬೆಚ್ಚನೆಯ ನೀರಿನಿಂದ ತೆಗೆದವುಗಳನ್ನು ನೇರವಾಗಿ ಶೀತಲಗೃಹಕ್ಕೆ ನೂಕಬೇಡಿ. ಹಠಾತ್ ಚಳಿಗೆ ಅವು ಬಾಯಿ ಸಡಿಲಿಸಿ ಸಾಯಬಹುದು, ಹಾಗಾಗಿ ಕೆಲವು ಗಂಟೆ ನಡುವಣ ತಂಪಿನಲ್ಲಿಟ್ಟು ಆಮೇಲೆ 5ರಿಂದ 10 ಡಿಗ್ರಿಗೆ ಇಳಿಸಿ. ಮಂಜುಗಡ್ಡೆ ಅವುಗಳಿಗೆ ತಾಗಬಾರದು, ಅದು ಕರಗಿದ ಸಿಹಿನೀರು ಚೀಲದ ಅಡಿಯಲ್ಲಿ ನಿಲ್ಲಬಾರದು. ನೀರಿಗೆ ಮರಳಿಸಲೇಬೇಕಾದರೆ ಗಾಳಿಯಾಡುವ, ಹರಿಯುವ, ಅದೇ ಉಪ್ಪಿನಂಶದ ನೀರಿಗೆ, ತೆಳುವಾಗಿ ಹರಡಿ ಇಳಿಸಿ, ಅದಕ್ಕೂ ಮೊದಲು ಸತ್ತವುಗಳನ್ನು ಆರಿಸಿ ತೆಗೆಯಿರಿ. ಎರಡೆರಡನ್ನು ಒಂದಕ್ಕೊಂದು ತಟ್ಟಿ ಕೇಳಿ: ಜೀವವಿದ್ದವು ಕಲ್ಲಿಗೆ ಕಲ್ಲು ತಾಗಿದ ಸದ್ದು ಮಾಡುತ್ತವೆ, ಸತ್ತದ್ದರ ಸದ್ದು ಟೊಳ್ಳಾಗಿರುತ್ತದೆ.