ಕ್ಯಾಂಪಿನ ಹುಡುಗನ ಕೂಲಿಯನ್ನು ನನ್ನ ಖಾತೆಯಲ್ಲೇ ಇಟ್ಟುಕೊಳ್ಳಬಹುದೇ?

ಬ್ಯಾಂಕ್ ಮಿತ್ರನಾಗಿ, ಅಂದರೆ ಊರಲ್ಲಿ ಬ್ಯಾಂಕಿನ ಏಜೆಂಟಾಗಿ, ಕೆಲಸ ಮಾಡುವ ನನಗೆ ಈ ಪ್ರಶ್ನೆ ಹಳೇದು. ತಾಳವಾಡಿಯಲ್ಲಿ ನಿಮ್ಮ ಕೈಕೆಳಗೆ ಪೇಂಟಿಂಗ್ ಮಾಡುವ ಹುಡುಗ ಭವಾನಿಸಾಗರದ ನಿರಾಶ್ರಿತರ ಕ್ಯಾಂಪಿನ ಶ್ರೀಲಂಕಾ ತಮಿಳ. ಅವನ ಕೂಲಿ, ಕೆನಡಾದಿಂದ ಅವನ ಅಣ್ಣ ಕಳಿಸುವ ದುಡ್ಡು ಎರಡೂ ನಿಮ್ಮ ಖಾತೆಗೆ ಬರಲಿ ಅಂತೀರಿ. ಬೇಡ ಸ್ವಾಮಿ. ಲೆಕ್ಕದಲ್ಲಿ ಅದು ನಿಮ್ಮ ದುಡ್ಡು. ನಾಳೆ ನಿಮಗೇನಾದರೂ ಆದರೆ ನಿಮ್ಮ ಮಕ್ಕಳ ಹತ್ತಿರ ಅವನು ಯಾವ ಚೀಟಿ ತೋರಿಸಿ ಕೇಳಬೇಕು?

ಅವನ ಹೆಸರಲ್ಲೇ ಖಾತೆ ಮಾಡಿಸಿ. ಆಧಾರ್ ವಾಸಕ್ಕೆ ಕೊಡುವ ಗುರುತು, ಪೌರತ್ವಕ್ಕಲ್ಲ. ಅದಿದ್ದರೆ ಪೂರ್ತಿ ಕೆವೈಸಿ (ಬ್ಯಾಂಕ್ ಮಾಡುವ ಗುರುತು-ವಿಳಾಸದ ಪರಿಶೀಲನೆ) ಆಗುತ್ತದೆ. ಪ್ಯಾನ್ ಇಲ್ಲದಿದ್ದರೆ, ಅದಿಲ್ಲ ಅಂತ ಘೋಷಿಸುವ ಫಾರಂ ಕೊಡಲಿ. ರಾಷ್ಟ್ರೀಯತೆ ಕಾಲಂನಲ್ಲಿ ಶ್ರೀಲಂಕಾ ಅಂತಲೇ ಬರೆಯಲಿ, ಆಧಾರ್ ಇದೆ ಅಂತ ‘ಭಾರತೀಯ’ ಅಂತ ಗೀಚಬಾರದು. ಇನಿಶಿಯಲ್ ಆಧಾರ್‌ನಲ್ಲಿ ಹೇಗಿದೆಯೋ ಅರ್ಜಿಯಲ್ಲೂ ಹಾಗೇ ಇರಲಿ. ಕ್ಯಾಂಪಿನ ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿಡಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಬ್ಯಾಂಕ್ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಅದು ಇಲ್ಲ.

ಎಲ್ಲರೂ ಎಡವುವುದು ಸಣ್ಣ ಖಾತೆಯಲ್ಲಿ. ‘ದಾಖಲೆ ಬೇಡ, ಫೋಟೋ ಸಾಕು’ ಅನ್ನುತ್ತಾರೆ, ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಆಯಿತು. ಆಮೇಲೆ ನೋಡಿ: ತಿಂಗಳಿಗೆ ತೆಗೆಯಲು 10,000, ಖಾತೆಯಲ್ಲಿ ಇರಬಹುದಾದದ್ದು 50,000, ವರ್ಷಕ್ಕೆ ಜಮಾ 1 ಲಕ್ಷ, ಇಷ್ಟೇ. ದಿನಕ್ಕೆ 900ರಂತೆ 25 ದಿನದ ಕೂಲಿ 22,500. ಹತ್ತು ಸಾವಿರ ತೆಗೆದರೂ ತಿಂಗಳಿಗೆ 12,500 ಉಳಿಯುತ್ತದೆ, ನಾಲ್ಕೇ ತಿಂಗಳಿಗೆ 50,000 ತುಂಬಿತು. ಐದನೇ ಕೂಲಿಗೆ ವರ್ಷದ ಮಿತಿಯೂ ದಾಟಿತು. ವಿದೇಶದ ಹಣವಂತೂ ಪೂರ್ತಿ ಕೆವೈಸಿ ಆಗದೆ ಇದಕ್ಕೆ ಜಮಾ ಆಗುವುದೇ ಇಲ್ಲ. ಅಣ್ಣ ಕಳಿಸಿದ್ದೇನೆ ಅಂತಾನೆ, ತಮ್ಮ ಬಂದಿಲ್ಲ ಅಂತಾನೆ, ನಡುವೆ ನಿಮ್ಮ ಮೇಲೆ ಅನುಮಾನ. ಖಾತೆಯ ಆಯಸ್ಸೂ 12 ತಿಂಗಳು; ದಾಖಲೆಗೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಇನ್ನೊಂದು 12.

ಖಾತೆ ಆಗುವ ತನಕ ಅಣ್ಣನ ದುಡ್ಡನ್ನು ವೆಸ್ಟರ್ನ್ ಯೂನಿಯನ್ ಥರದ, ವಿದೇಶದ ಹಣ ತಲುಪಿಸುವ ಕೌಂಟರಿನಲ್ಲಿ ಗುರುತಿನ ದಾಖಲೆ ಕೊಟ್ಟು ಅವನೇ ತೆಗೆದುಕೊಳ್ಳಲಿ. ನಗದಾಗಿ 50,000 ರೂಪಾಯಿವರೆಗೆ ಕೊಡುತ್ತಾರೆ. ಕೂಲಿಯನ್ನು ಪುಸ್ತಕದಲ್ಲಿ ಬರೆದು, ಅವನ ಸಹಿ ಹಾಕಿಸಿ ಕೈಗೆ ಕೊಡಿ.

ಆಧಾರ್ ಇದ್ದೂ ಶಾಖೆಯವರು ಆಗಲ್ಲ ಅಂದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಸಿದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹಾಕಿ, ವಿಚಾರಿಸಲು ಫೋನ್ 14448.