ಬೆಳ್ಳಂದೂರಿನ ನೆಲಮಹಡಿಗೆ ತುರ್ತು ಬ್ಯಾಗು

ನೆಲಮಹಡಿ ಮನೆ, ಮಳೆಗಾಲಕ್ಕೆ ಕಿಟ್ ಕಟ್ಟಿಟ್ಟರೆ ಎಷ್ಟು ದಿನ ಬಾಳುತ್ತೆ ಅಂತ ಕೇಳಿದ್ದೀರಿ. ನೋಡಿಕೊಂಡಷ್ಟು ದಿನ! ಟಾರ್ಚಿನೊಳಗೆ ಸೆಲ್ ಹಾಕಿಡಬೇಡಿ. ಸೋರಿ, ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿದರೆ ಬೇಕಾದಾಗ ಹತ್ತಲ್ಲ. ಪಕ್ಕದಲ್ಲೇ ಕವರಿನಲ್ಲಿರಲಿ. ಪವರ್ ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಚಾರ್ಜ್. ಓಆರ್‌ಎಸ್, ಬಿಪಿ-ಶುಗರ್ ಮಾತ್ರೆಗಳ ಎಕ್ಸ್‌ಪೈರಿಯನ್ನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ನೋಡಿಬಿಡಿ. ನೀರು ತಲೆಗೆ ದಿನಕ್ಕೆ 3–4 ಲೀಟರ್ ಮನೆಯಲ್ಲಿರಲಿ, ಬ್ಯಾಗಿಗೆ ಒಂದೇ ಬಾಟಲಿ. ತಿನ್ನೋಕೆ ಹುರಿಗಡಲೆ-ಬೆಲ್ಲ, ಖಾರದ ಕುರುಕಲು ಬೇಡ, ಬಾಯಾರುತ್ತೆ.

2022ರ ಸೆಪ್ಟೆಂಬರಿನಲ್ಲಿ ಮಳೆನೀರು ನುಗ್ಗಿ ನಿಮ್ಮ ಕಡೆ ಜನ ಟ್ರ್ಯಾಕ್ಟರ್, ದೋಣಿ ಹತ್ತಿ ಹೊರಬಂದಿದ್ದು ನೆನಪಿದೆಯಲ್ಲ? ಟ್ರಾಲಿ ಸೂಟ್‌ಕೇಸು ಆಗ ಹೊರೆಯೇ. ಬೆನ್ನಿಗೆ ಹಾಕೋ ಬ್ಯಾಗೇ ತಗೊಳ್ಳಿ, ಮಂಚದ ಕೆಳಗೆ ತಳ್ಳದೆ ಬಾಗಿಲ ಹತ್ತಿರ ಎತ್ತರದ ಮೊಳೆಗೆ ನೇತುಹಾಕಿ. ಮನೆ ಪತ್ರಗಳ ಜೆರಾಕ್ಸ್ ಜಿಪ್ ಕವರಿನಲ್ಲಿ, ತುರ್ತು ಸಹಾಯದ ನಂಬರ್ 112 ಅಂತ ಮಕ್ಕಳಿಗೂ ಬಾಯಿಪಾಠವಾಗಿರಲಿ.