ದೇವತೆ ಪಟ್ಟ ಬೇಡ, ಪಾಳಿಗೆ ಇನ್ನೊಬ್ಬ ಸಿಸ್ಟರ್ ಬೇಕು

ಓದುಗರ ಪತ್ರ (ಸಂಗ್ರಹ): "ದಾದಿಯರ ದಿನದ ನಿಮ್ಮ ಲೇಖನದಲ್ಲಿ ನಮ್ಮನ್ನು ದೇವತೆಗಳು ಎಂದು ಬರೆದಿದ್ದೀರಿ. ತಾಲ್ಲೂಕು ಆಸ್ಪತ್ರೆಯಲ್ಲಿ 11 ವರ್ಷದಿಂದ ಶುಶ್ರೂಷಾಧಿಕಾರಿಯಾಗಿದ್ದೇನೆ. ನನ್ನ ವಾರ್ಡಿನಲ್ಲಿ ಹಾಸಿಗೆ 30, ರೋಗಿಗಳು 38. ನೈಟ್ ಡ್ಯೂಟಿಗೆ ನಾನೊಬ್ಬಳೇ. ಹತ್ತಾರು ಸಲ ಹೇಳಿದ್ದಾಯಿತು, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ನರ್ಸ್‌ಗಳು ನಾಯಕತ್ವ ವಹಿಸಬೇಕು ಎಂದೂ ಬರೆದಿದ್ದೀರಿ. ಇಂಜೆಕ್ಷನ್ ಕೊಟ್ಟು ಮುಗಿಸುವಷ್ಟರಲ್ಲಿ ಬೆಳಗಾಗುತ್ತದೆ, ಇನ್ನು ಯಾವ ನಾಯಕತ್ವ? ಮೂರು ವಾರದ ಹಿಂದೆ ಜೊತೆಯ ಹುಡುಗಿಗೆ ಸೂಜಿ ಚುಚ್ಚಿತು. ಬೈಸಿಕೊಳ್ಳಬೇಕಾಗುತ್ತದೆ ಎಂದು ಯಾರಿಗೂ ಹೇಳಲಿಲ್ಲ." (ಹೆಸರು, ಊರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

ಸಿಸ್ಟರ್, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇವೆ. ಉಳಿದದ್ದು ಒಂದು ದಿನ ಕಾಯಬಹುದು, ಇದು ಕಾಯುವಂಥದ್ದಲ್ಲ.

ಸೂಜಿ ಚುಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ಹಿಂಡಬಾರದು, ಬಾಯಿಗಿಡಬಾರದು. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ 2 ಗಂಟೆಯೊಳಗೆ ಹೊಟ್ಟೆಗೆ ಬಿದ್ದರೆ ಒಳ್ಳೆಯದು. 72 ಗಂಟೆ ಕಳೆದ ಮೇಲೆ ಅದನ್ನು ಶುರು ಮಾಡುವುದಿಲ್ಲ. ಶುರುವಾದರೆ 28 ದಿನ ಬಿಡದೆ ನುಂಗಬೇಕು. ನಿಮ್ಮ ಜೊತೆಯವರಿಗೆ ಆ ಅವಧಿ ಮೀರಿದೆ. ಆದರೂ ಕೈಚೆಲ್ಲಿ ಕೂರಬೇಕಿಲ್ಲ. ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಸಮಾಲೋಚನೆ, ಪರೀಕ್ಷಾ ಕೇಂದ್ರ) ಈಗೊಂದು ಪರೀಕ್ಷೆ ಮಾಡಿಸಲಿ, ಚುಚ್ಚಿದ ದಿನದಿಂದ ಎಣಿಸಿ 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ ಮತ್ತೆ ಮಾಡಿಸಲಿ. ಎಚ್‌ಐವಿ ಇರುವವರ ರಕ್ತದ ಸೂಜಿಯೇ ಚುಚ್ಚಿದ್ದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂವರಿಗೆ. ಹೆಪಟೈಟಿಸ್-ಬಿ ಹಾಗಲ್ಲ. ರೋಗಿಗೆ ಅದಿದ್ದು, ಚುಚ್ಚಿಸಿಕೊಂಡವರಿಗೆ ಲಸಿಕೆ ಆಗಿರದಿದ್ದರೆ ನೂರಕ್ಕೆ 6ರಿಂದ 30 ಮಂದಿಗೆ ಬರುತ್ತದೆ. ಆ ಹುಡುಗಿಗೆ 0, 1, 6 ತಿಂಗಳ ಮೂರು ಡೋಸ್ ಪೂರ್ತಿಯಾಗಿದೆಯೇ ಎಂದು ಮೊದಲು ಕೇಳಿ. ಇಲ್ಲವಾದರೆ ಇವತ್ತೇ ವೈದ್ಯರಿಗೆ ತೋರಿಸಿ ಲಸಿಕೆ ಶುರುವಾಗಲಿ.

ಈಗ ನಾಯಕತ್ವದ ಮಾತು. ಅದನ್ನು ಈ ಸೂಜಿಯಿಂದಲೇ ಹೇಳಬಹುದು. ಬೈಗುಳದ ಭಯಕ್ಕೆ ಮುಚ್ಚಿಟ್ಟ ಸೂಜಿಗಾಯ ಒಬ್ಬಳ ತಪ್ಪಾಗಿ ಉಳಿಯುತ್ತದೆ. ರಿಜಿಸ್ಟರಿನಲ್ಲಿ ಬರೆದದ್ದು ವಾರ್ಡಿನ ಲೆಕ್ಕಕ್ಕೆ ಸೇರುತ್ತದೆ. ಮೂರು ತಿಂಗಳಲ್ಲಿ ಐದು ಗಾಯ ದಾಖಲಾದವು, ನಾಲ್ಕು ಸೂಜಿಗೆ ಮತ್ತೆ ಕ್ಯಾಪ್ ಹಾಕುವಾಗ ಆದವು ಎಂದಿಟ್ಟುಕೊಳ್ಳಿ. ಕ್ಯಾಪ್ ಹಾಕಬಾರದು ಎಂದು ಎಲ್ಲರಿಗೂ ಗೊತ್ತು. ಆದರೂ ಯಾಕೆ ಹಾಕುತ್ತಾರೆ? ಚೂಪಾದ ವಸ್ತು ಹಾಕುವ ಬಿಳಿ ಡಬ್ಬ ನರ್ಸಿಂಗ್ ಸ್ಟೇಷನ್ನಿನಲ್ಲಿ, ರೋಗಿ ವಾರ್ಡಿನ ಆ ತುದಿಯಲ್ಲಿ. ಬರಿ ಸೂಜಿ ಹಿಡಿದು ಮೂವತ್ತು ಹೆಜ್ಜೆ ನಡೆಯಲು ಹೆದರಿ ಕ್ಯಾಪ್ ಹಾಕುತ್ತಾರೆ, ಅಲ್ಲೇ ಬೆರಳಿಗೆ ಚುಚ್ಚುತ್ತದೆ. ಡಬ್ಬ ಮುಕ್ಕಾಲು ತುಂಬಿದಾಗ ಬದಲಿಸದೆ ತುಂಬಿ ತುಳುಕಿಸಿದರೆ ಮುಂದಿನ ಗಾಯ ಅಲ್ಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿ ಚೂಪಾದ ವಸ್ತುಗಳಿಗೆ ತೂತಾಗದ ಬಿಳಿ ಡಬ್ಬ ಎಂದೇ ಇದೆ, ಹಾಗಾಗಿ ಸಾಮಾನು ಬೇಕೆಂದು ಬರೆಯುವ ನಿಮ್ಮ ಇಂಡೆಂಟ್‌ಗೆ ಕಾನೂನಿನ ಬೆಂಬಲವೂ ಉಂಟು. "ಐದು ಗಾಯ, ನಾಲ್ಕು ಕ್ಯಾಪಿನಿಂದ, ಪ್ರತಿ ಡ್ರೆಸಿಂಗ್ ಟ್ರಾಲಿಗೂ ಒಂದು ಬಿಳಿ ಡಬ್ಬ ಬೇಕು" ಎಂದು ಒಂದು ಸಾಲು ಬರೆದು ಕಳಿಸಿ. ನಾವು ನಾಯಕತ್ವ ಎಂದದ್ದು ಇಂಥದ್ದಕ್ಕೆ. ಲೇಖನದಲ್ಲಿ ಅದನ್ನು ಬಿಡಿಸಿ ಹೇಳದೆ ದೇವತೆ ಎಂದು ಬರೆದು ಕೈತೊಳೆದುಕೊಂಡದ್ದು ನಮ್ಮ ತಪ್ಪು, ಒಪ್ಪುತ್ತೇವೆ.

ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ನಿಮ್ಮ ನರ್ಸಿಂಗ್ ಶಾಲೆಯಲ್ಲೂ ಇದ್ದಿರಬೇಕು. ಆಕೆ 1854ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಿಗೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದದ್ದು ಎಲ್ಲರಿಗೂ ಗೊತ್ತು. ಹಿಂತಿರುಗಿದ ಮೇಲೆ ಮಾಡಿದ್ದನ್ನು ಹೇಳುವವರು ಕಡಿಮೆ. ಸೈನಿಕರು ಗಾಯದಿಂದ ಎಷ್ಟು ಮಂದಿ ಸತ್ತರು, ತಡೆಯಬಹುದಾಗಿದ್ದ ರೋಗಗಳಿಂದ ಎಷ್ಟು ಮಂದಿ ಸತ್ತರು ಎಂದು ತಿಂಗಳವಾರು ಎಣಿಸಿ, 1858ರಲ್ಲಿ ಬಣ್ಣದ ಚಕ್ರಚಿತ್ರಗಳಲ್ಲಿ ತೋರಿಸಿದರು. ಅಧಿಕಾರಿಗಳು ಓದದ ಕೋಷ್ಟಕವನ್ನು ಕಣ್ಣಿಗೆ ರಾಚುವಂತೆ ಮಾಡಿದ್ದು ಆ ಚಿತ್ರ. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಸದಸ್ಯರಾದ ಮೊದಲ ಹೆಂಗಸು ಅವರೇ. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ದಂಡುಗಳಿಂದ ವರದಿ ತರಿಸಿ, ನೀರು, ಚರಂಡಿ, ಬ್ಯಾರಕ್ಕುಗಳ ಸ್ಥಿತಿಯನ್ನು ಕುರಿತು ಬರೆದರು. ಭಾರತದಲ್ಲಿ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದಾರೆ ಎಂಬ ಅಂಕಿ 1863ರ ರಾಜ ಆಯೋಗದ ವರದಿಯಲ್ಲಿದೆ. ದೀಪವನ್ನು ಗೋಡೆಗೆ ಹಾಕಿಕೊಂಡೆವು, ಲೆಕ್ಕದ ಪುಸ್ತಕವನ್ನು ಮರೆತೆವು.

ನಿಮ್ಮ 38 ರೋಗಿಗಳ ಲೆಕ್ಕಕ್ಕೆ ಬರೋಣ. ಭಾರತೀಯ ಶುಶ್ರೂಷಾ ಪರಿಷತ್ತಿನ ಹಳೆಯ ಮಾನದಂಡದಲ್ಲಿ ಜನರಲ್ ವಾರ್ಡಿಗೆ ಬೋಧನಾ ಆಸ್ಪತ್ರೆಯಲ್ಲಿ 1:3 (ಮೂರು ಹಾಸಿಗೆಗೆ ಒಬ್ಬ ನರ್ಸ್), ಇತರ ಆಸ್ಪತ್ರೆಯಲ್ಲಿ 1:5, ಮೇಲೆ ರಜೆಗೆಂದು ಶೇ. 30 ಹೆಚ್ಚುವರಿ. ಇಲ್ಲೇ ಬಹಳ ಜನ ಎಡವುತ್ತಾರೆ. 1:5 ಎಂದರೆ ಐವರು ರೋಗಿಗಳಿಗೆ ಯಾವ ಹೊತ್ತಿನಲ್ಲೂ ಒಬ್ಬ ನರ್ಸ್ ಎಂದಲ್ಲ. ಅದು ಮೂರೂ ಪಾಳಿಗೆ ಸೇರಿಸಿದ ಒಟ್ಟು ಸಂಖ್ಯೆ. ಪಾಳಿಗೆ ಹಂಚಿದರೆ ಅದು 1:15 ಆಗುತ್ತದೆ. ನಿಮ್ಮ 30 ಹಾಸಿಗೆಗೆ 6 ಮಂದಿ, ರಜೆಯ ಪಾಲು ಸೇರಿ 7.8, ಅಂದರೆ 8 ಮಂದಿ, ಪಾಳಿಗೆ ಇಬ್ಬರು. ಅರ್ಜಿಯಲ್ಲಿ "1:5 ಬೇಕು" ಎಂದು ಬರೆದರೆ ಕಚೇರಿಯವರು ಪೋಸ್ಟಿಂಗ್ ಪಟ್ಟಿ ತೋರಿಸಿ "ಸರಿಯಾಗೇ ಇದೆಯಲ್ಲ" ಎನ್ನುತ್ತಾರೆ. "ರಾತ್ರಿ ಪಾಳಿಗೆ 1:15 ಇರಬೇಕು, 1:38 ಇದೆ" ಎಂದು ಬರೆದರೆ ಪಟ್ಟಿ ತೋರಿಸಿ ಸಾಗಹಾಕಲು ಬರುವುದಿಲ್ಲ. ಇನ್ನೊಂದು, ಈ ಲೆಕ್ಕವೆಲ್ಲ ಮಂಜೂರಾದ ಹಾಸಿಗೆಯ ಮೇಲೆ. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದ ಎಂಟು ಮಂದಿ ಯಾವ ಕಾಗದದಲ್ಲೂ ಇರುವುದಿಲ್ಲ. ಅವರನ್ನು ಕಾಗದಕ್ಕೆ ತರಬಲ್ಲವರು ರಾತ್ರಿ 12ಕ್ಕೆ ತಲೆ ಎಣಿಸುವ ನೀವು ಮಾತ್ರ.

ಅದಕ್ಕೆ ನಾಲ್ಕು ವಾರದ ಒಂದು ಗಣತಿ ಸಾಕು. ಉದ್ದ ನೋಟ್‌ಬುಕ್ಕಿನಲ್ಲಿ ತಾರೀಕು, ಪಾಳಿ, ರಾತ್ರಿ 12ಕ್ಕೆ ಇದ್ದ ರೋಗಿಗಳು, ಡ್ಯೂಟಿಯಲ್ಲಿದ್ದ ನರ್ಸ್‌ಗಳು, ಹೊಸ ದಾಖಲಾತಿ, ಒಂದು ಗಂಟೆಗೂ ಹೆಚ್ಚು ತಡವಾದ ಆಂಟಿಬಯೋಟಿಕ್ ಡೋಸ್‌ಗಳು, ಬಿದ್ದವರು ಎಂದು ಏಳು ಕಾಲಂ ಎಳೆಯಿರಿ. ರೋಗಿಯ ಹೆಸರು ಬೇಡ, ಡಾಕ್ಟರ ಹೆಸರು ಬೇಡ, "ತುಂಬಾ ಕಷ್ಟ" ಎಂಬ ಮಾತೂ ಬೇಡ. ಬಿದ್ದವರ ಲೆಕ್ಕವನ್ನು ಬರೀ ಸಂಖ್ಯೆಯಲ್ಲಿ ಕೊಟ್ಟರೆ ದೊಡ್ಡ ವಾರ್ಡ್ ಯಾವಾಗಲೂ ಕೆಟ್ಟದಾಗಿ ಕಾಣುತ್ತದೆ. ತಿಂಗಳಿಡೀ ಪ್ರತಿ ರಾತ್ರಿಯ ತಲೆ ಎಣಿಕೆಯನ್ನು ಕೂಡಿಸಿ, ಬಿದ್ದವರನ್ನು ಅದರಿಂದ ಭಾಗಿಸಿ, ಸಾವಿರದಿಂದ ಗುಣಿಸಿ. 1,050 ಬಂದು ಮೂವರು ಬಿದ್ದಿದ್ದರೆ ಸಾವಿರಕ್ಕೆ 2.9. ಮುಂದಿನ ತಿಂಗಳ ಜೊತೆಗೋ ಪಕ್ಕದ ವಾರ್ಡಿನ ಜೊತೆಗೋ ಹೋಲಿಸಲು ಇದೇ ಬೇಕು.

ಇನ್ನೊಂದನ್ನು ಮುಲಾಜಿಲ್ಲದೆ ಹೇಳಬೇಕು. ನಮ್ಮ ಆಸ್ಪತ್ರೆಗಳ ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರಾಟ ಬರೆಯುವ ಹಾಳೆ) ತೆಗೆದು ನೋಡಿ, ಉಸಿರಾಟದ ಕಾಲಂನಲ್ಲಿ ಎಲ್ಲರಿಗೂ 20, ಎಲ್ಲ ದಿನವೂ 20. ನ್ಯುಮೋನಿಯಾದವರಿಗೂ ಹರ್ನಿಯಾದವರಿಗೂ ಅದೇ. ಬೆಳಗಿನ ಜಾವ ಒಂದೇ ಕೂತಲ್ಲಿ ಮೂವತ್ತು ಚಾರ್ಟ್ ತುಂಬಿದರೆ ಹೀಗಾಗುತ್ತದೆ, ಒಬ್ಬರೇ ಇದ್ದಾಗ ಯಾಕಾಗುತ್ತದೆ ಎಂಬುದೂ ಗೊತ್ತು. ಆದರೆ ರೋಗಿ ಕುಸಿಯುವ ಮುನ್ನ ಮೊದಲು ಬದಲಾಗುವ ಅಂಕಿಗಳಲ್ಲಿ ಉಸಿರಾಟವೂ ಒಂದು. ರೋಗಿ ಹದಗೆಡುವುದನ್ನು ಮೊದಲೇ ಹಿಡಿಯುವ ಬ್ರಿಟನ್ನಿನ ಎಚ್ಚರಿಕೆ ಅಂಕಪಟ್ಟಿಯಲ್ಲಿ ಉಸಿರು ನಿಮಿಷಕ್ಕೆ 25 ಮುಟ್ಟಿದರೆ ಅದೊಂದಕ್ಕೇ ಗರಿಷ್ಠವಾದ 3 ಅಂಕ. ಇದಕ್ಕಿಂತ ಹೆಚ್ಚಾಗಿ, ನಿಮ್ಮ ಚಾರ್ಟಿನ 20 ಸುಳ್ಳೆಂದು ಒಬ್ಬರಿಗೆ ಅನ್ನಿಸಿದರೆ ನಿಮ್ಮ 1:38 ಕೂಡ ಸುಳ್ಳಾಗುತ್ತದೆ. ಎಲ್ಲರಿಗೂ ಎಣಿಸಲು ಆಗದಿದ್ದರೆ ಕಾಯಿಲೆ ಹೆಚ್ಚಿರುವ ಎಂಟು ಮಂದಿಗೆ ಪೂರ್ತಿ 60 ಸೆಕೆಂಡ್ ಎಣಿಸಿ. ಉಳಿದವರ ಕಾಲಂ ಖಾಲಿ ಬಿಟ್ಟು ಕಾರಣ ಬರೆಯಿರಿ. ತಪ್ಪು ಬರೆದರೆ ಒಂದೇ ಗೆರೆ ಎಳೆದು, ವೇಳೆ ಹಾಕಿ ಸಹಿ ಮಾಡಿ. ವೈಟ್ನರ್ ಮುಟ್ಟಬೇಡಿ.

ರಾತ್ರಿ ಡಾಕ್ಟರಿಗೆ ಫೋನ್ ಮಾಡುವುದೂ ರೋಗಿಯ ಪರವಾದ ವಕಾಲತ್ತೇ, ಅದೂ ಅಂಕಿಯಲ್ಲೇ ಆಗಬೇಕು. "ಸಾರ್, 12ನೇ ಬೆಡ್ ಯಾಕೋ ಸರಿ ಇಲ್ಲ" ಎಂದರೆ ಆ ಕಡೆಯಿಂದ "ನೋಡ್ತಾ ಇರಿ" ಎಂದು ಉತ್ತರ ಬರುತ್ತದೆ. ಅಮೆರಿಕದ ನೌಕಾದಳದ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಎಸ್‌ಬಿಎಆರ್ ಎಂಬ ಕ್ರಮ ಇದಕ್ಕೇ ಇರುವುದು. ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮಗೇನು ಬೇಕು, ಈ ನಾಲ್ಕು. "ಸಾರ್, ಹೆರಿಗೆ ವಾರ್ಡ್, 12ನೇ ಬೆಡ್. ಪಲ್ಸ್ 124, ಬಿಪಿ 90/60, ಉಸಿರು 26. ಸಿಜೇರಿಯನ್ ಆಗಿ 4 ಗಂಟೆ, ಒಂದು ಗಂಟೇಲಿ ಎರಡು ಪ್ಯಾಡ್ ಪೂರ್ತಿ ನೆಂದಿದೆ, ಗರ್ಭಕೋಶ ಮೆತ್ತಗಿದೆ. ಬ್ಲೀಡಿಂಗ್ ಅಂತ ನನ್ನ ಅಂದಾಜು. ಮಸಾಜ್ ಮಾಡ್ತಿದ್ದೀವಿ, ಎರಡನೇ ಡ್ರಿಪ್ ಲೈನ್ ಹಾಕಿದೀನಿ. ನೀವು ಈಗಲೇ ಬರಬೇಕು, ಅಲ್ಲೀವರೆಗೆ ಆಕ್ಸಿಟೋಸಿನ್ ಎಷ್ಟು ಹಾಕಲಿ ಹೇಳಿ." ಹೇಳಿದ ಡೋಸನ್ನು ತಿರುಗಿ ಒಪ್ಪಿಸಿ, ಕರೆ ಮಾಡಿದ ವೇಳೆ, ಅವರು ಬಂದ ವೇಳೆ ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ. ಪಲ್ಸನ್ನು ಮೇಲಿನ ಬಿಪಿಯಿಂದ ಭಾಗಿಸಿ ನೋಡುವ ಅಭ್ಯಾಸವಿರಲಿ. ಬಾಣಂತಿಯಲ್ಲಿ 0.9 ದಾಟಿದರೆ ಎಚ್ಚರ, ಇಲ್ಲಿ ಅದು 1.4ರ ಹತ್ತಿರ ಇದೆ. ಬಿಪಿ ಪೂರ್ತಿ ಬೀಳುವವರೆಗೆ ಕಾದು ಫೋನ್ ಮಾಡುವುದು ನಾವು ಕಂಡಂತೆ ಅತಿ ಸಾಮಾನ್ಯ ತಪ್ಪು.

ಗಣತಿ ಮುಗಿದ ಮೇಲೆ ಅದು ಎಲ್ಲಿಗೆ ಹೋಗಬೇಕು? ಒಂದು ಪುಟ, ಒಂದೇ ಬೇಡಿಕೆ. ಹನ್ನೆರಡು ಬೇಡಿಕೆಯ ಮನವಿಯಲ್ಲಿ ಕಚೇರಿಯವರು ತಮಗೆ ಸುಲಭವಾದ ಒಂದನ್ನು, ಸಾಮಾನ್ಯವಾಗಿ ಗೋಡೆ ಗಡಿಯಾರವನ್ನು, ಮಂಜೂರು ಮಾಡಿ ಕಡತ ಮುಚ್ಚುತ್ತಾರೆ. "ರಾತ್ರಿ ಪಾಳಿಗೆ ಇನ್ನೊಬ್ಬರು" ಎಂದಷ್ಟೇ ಕೇಳಿ, ಎಲ್ಲಿಂದ ಕೊಡಬಹುದು ಎಂಬ ದಾರಿಯನ್ನೂ ನೀವೇ ತೋರಿಸಿ. ಪುಟ ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ, ಅವರ ಮೂಲಕ ಆಡಳಿತ ವೈದ್ಯಾಧಿಕಾರಿಗೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ. ಆಮೇಲೆ ಆಸ್ಪತ್ರೆಯ ಮೇಲುಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಕೇಳಿ. ಕಾಯಕಲ್ಪ (ಆಸ್ಪತ್ರೆಯ ಸ್ವಚ್ಛತೆ), ಲಕ್ಷ್ಯ (ಹೆರಿಗೆ ಕೋಣೆಯ ಗುಣಮಟ್ಟ) ಯೋಜನೆಗಳ ಮೌಲ್ಯಮಾಪನದ ಹೊತ್ತಿಗೆ ಆಸ್ಪತ್ರೆಯವರಿಗೆ ನಿಮ್ಮ ರಿಜಿಸ್ಟರುಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟುತ್ತದೆ, ಆ ವಾರವನ್ನು ಬಿಡಬೇಡಿ. ವಾರ್ಡಿನ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವುದು ಮಾತ್ರ ಬೇಡ. ರೋಗಿಯ ಮುಖ ಬೀದಿಗೆ ಬೀಳುತ್ತದೆ, ನಡತೆ ನಿಯಮದ ನೋಟಿಸು ನಿಮ್ಮ ಕೈಗೆ ಬರುತ್ತದೆ, ಮೂಲ ವಿಷಯ ಅಲ್ಲಿಗೆ ಸತ್ತುಹೋಗುತ್ತದೆ.

ಅಂಕಿಯಿಂದ ಏನಾದರೂ ಆಗುತ್ತದೆಯೇ ಎಂದು ನೀವು ಕೇಳಿಯೇ ಕೇಳುತ್ತೀರಿ. ನರ್ಸೇ ಆದ ಲಿಂಡಾ ಏಕನ್ ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ ಎಂದು 2002ರಲ್ಲಿ ಪ್ರಕಟಿಸಿತು. ಕ್ಯಾಲಿಫೋರ್ನಿಯಾದ ನರ್ಸ್‌ಗಳು ಹೋರಾಡಿ ಪಡೆದ, ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂದು ಮಿತಿ ಹಾಕುವ 1999ರ ಕಾನೂನು 2004ರಲ್ಲಿ ಜಾರಿಗೆ ಬಂತು. ಅಲ್ಲಿನ 1:5 ಪಾಳಿಯ ಲೆಕ್ಕ, ಊಟಕ್ಕೆ ಎದ್ದಾಗಲೂ ಬದಲಿ ಇರಬೇಕು. ನಮ್ಮಲ್ಲಿ 1908ರಲ್ಲಿ ಹುಟ್ಟಿದ ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳಕ್ಕೆ ಸಮಿತಿ ನೇಮಿಸುವಂತೆ ಮಾಡಿತು. 200ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ನಷ್ಟೇ ಸಂಬಳ, 50 ಹಾಸಿಗೆಗಿಂತ ಕಡಿಮೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಜಾರಿ ರಾಜ್ಯಗಳ ಕೈಗೆ ಬಿತ್ತು, ಕೈಯಲ್ಲೇ ಉಳಿದದ್ದೂ ಉಂಟು. ಆದರೂ ಈಗ ಸಂಬಳ ಕೇಳುವವರ ಕೈಯಲ್ಲಿ ಒಂದು ಅಂಕಿಯಾದರೂ ಇದೆ.

ಹಾಸಿಗೆಯಿಂದಾಚೆ ಹುದ್ದೆಗಳೂ ಇವೆ. 2018ರಿಂದ ಉಪಕೇಂದ್ರಗಳಲ್ಲಿ ಶುರುವಾದ ಸಮುದಾಯ ಆರೋಗ್ಯ ಅಧಿಕಾರಿ ಕೆಲಸಕ್ಕೆ ನರ್ಸಿಂಗ್ ಓದಿದವರೇ ಹೆಚ್ಚು ಬರುತ್ತಾರೆ. ಬಯಲುಸೀಮೆಯಲ್ಲಾದರೆ ಸುಮಾರು 5,000 ಜನರ ಬಿಪಿ, ಶುಗರ್ ತಪಾಸಣೆಯ ಹೊಣೆ ಅವರದು, ತಂಡಕ್ಕೆ ಮುಂದಾಳೂ ಅವರೇ. ನಿಮ್ಮ 11 ವರ್ಷದ ಅನುಭವ ವಾರ್ಡಿನಲ್ಲೇ ಇರಲಿ ಎಂಬುದು ನಮ್ಮ ಸ್ವಾರ್ಥದ ಆಸೆ.

ಗಣತಿಯನ್ನು ಒಬ್ಬರೇ ಹೊರಬೇಡಿ. ಮೂರು ಪಾಳಿಯಿಂದ ಮೂವರು ಸೇರಿ, ಪುಟದ ಕೆಳಗೆ ಮೂವರ ಸಹಿಯೂ ಇರಲಿ. ಒಬ್ಬರ ಸಹಿಯಿದ್ದರೆ ಅವರಿಗೆ ಬೇರೆ ಕಡೆಗೆ ಡೆಪ್ಯುಟೇಷನ್ ಆರ್ಡರ್ ಬರುವ ಅಪಾಯವಿದೆ, ಮೂವರನ್ನು ಒಟ್ಟಿಗೆ ಎತ್ತಿಹಾಕಿದರೆ ಡ್ಯೂಟಿ ಪಟ್ಟಿ ಮಾಡುವವರಿಗೇ ತಲೆನೋವು. "ಆಗುವುದಿಲ್ಲ" ಎಂಬ ಉತ್ತರ ಬಂದರೆ ಅದನ್ನೂ ಬರಹದಲ್ಲಿ ಕೇಳಿ ಪಡೆದು, ಸ್ವೀಕೃತಿ ಪ್ರತಿಯ ಹಿಂದೆ ಪಿನ್ ಮಾಡಿಡಿ. ಏಳು ಕಾಲಂನ ನಮೂನೆಯನ್ನು ಮುಂದಿನ ಸಂಚಿಕೆಯಲ್ಲಿ ಕತ್ತರಿಸಿ ಜೆರಾಕ್ಸ್ ಮಾಡುವ ಅಳತೆಗೆ ಅಚ್ಚು ಹಾಕುತ್ತೇವೆ.